ಹಳೆ ಗಾಡಿಗೆ ಆಯಿಲ್ ಪ್ರೆಶರ್, ಟೆಂಪರೇಚರ್ ಮೀಟರ್: ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಡಿಜಿಟಲ್ – ಯಾವುದು ಸರಿ?

ಹಳೆ ಮಾರುತಿ 800ರಂಥ ಗಾಡಿಯಲ್ಲಿ ಆಯಿಲ್ ಒತ್ತಡದ ಸುದ್ದಿ ಹೇಳಲು ಇರುವುದು ಒಂದು ಕೆಂಪು ದೀಪ ಮಾತ್ರ. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಬಿದ್ದ ಮೇಲೆ ಅದು ಹೊತ್ತಿಕೊಳ್ಳುತ್ತದೆ. ಓಡುವ ಇಂಜಿನ್‌ನಲ್ಲಿ ಆ ದೀಪ ಹತ್ತುವ ಹೊತ್ತಿಗೆ ಬೇರಿಂಗ್ ಆಗಲೇ ಪೆಟ್ಟು ತಿಂದಿರಬಹುದು. ಕಂಪನಿಯ ಟೆಂಪರೇಚರ್ ಮುಳ್ಳಿಗೂ ಅಂಕಿಯಿಲ್ಲ, ಎರಡು ಗೆರೆಯ ನಡುವೆ ನಿಂತಿದ್ದರೆ ಸರಿ ಎಂದು ನಂಬಬೇಕು. ಮುಂಬೈಯ ಟ್ರಾಫಿಕ್‌ನಲ್ಲಿ, ಅದರಲ್ಲೂ ಖೋಪೋಲಿಯಿಂದ ಲೋಣಾವಳಾ ಘಾಟಿ ಹತ್ತಿಸುವಾಗ, ಹಳೆ ಇಂಜಿನ್‌ಗೆ ಇಷ್ಟು ನಂಬಿಕೆ ಸಾಲದು.

ಹೊರಗಿನಿಂದ ತಂದು ಹಾಕುವ 52 ಮಿಲಿಮೀಟರ್ ವ್ಯಾಸದ ಮೀಟರ್‌ಗಳಲ್ಲಿ ಮೂರು ಬಗೆ ಇವೆ. ಮೊದಲನೆಯದು ಮೆಕ್ಯಾನಿಕಲ್: ಆಯಿಲ್ ಅಥವಾ ಬಿಸಿಯ ಒತ್ತಡ ಕೊಳವೆಯಲ್ಲೇ ಡಯಲ್‌ವರೆಗೆ ಬರುತ್ತದೆ. ಎರಡನೆಯದು ಎಲೆಕ್ಟ್ರಿಕಲ್: ಇಂಜಿನ್‌ಗೆ ಸೆಂಡರ್ (ಒತ್ತಡವನ್ನೋ ಬಿಸಿಯನ್ನೋ ಗ್ರಹಿಸಿ ಕರೆಂಟಿನ ಮೂಲಕ ತಿಳಿಸುವ ಭಾಗ), ಅದರಿಂದ ಡಯಲ್‌ಗೆ ಒಂದೇ ವೈರು. ಮೂರನೆಯದು ಡಿಜಿಟಲ್ ಎಂದು ಮಾರುವ, ಮುಳ್ಳನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗಿಸುವ ಸ್ಟೆಪ್ಪರ್ ಮೋಟರಿನದು: ಮೂರು ವೈರಿನ ಸೆನ್ಸರ್, ಬಣ್ಣದ ದೀಪ, ಬಝರ್. ಮೂರನ್ನೂ ಹಾಕಿ ಓಡಿಸಿ ನೋಡಿದ ಮೇಲೆ ತೀರ್ಪು ಹೀಗಿದೆ: ಆಯಿಲ್‌ಗೆ ಮೆಕ್ಯಾನಿಕಲ್, ಬಿಸಿಗೆ ಎಲೆಕ್ಟ್ರಿಕಲ್. ಡಿಜಿಟಲ್ ಬೇಕಾಗುವುದು ಬಝರ್‌ಗೋಸ್ಕರ ಮಾತ್ರ. ಆದರೆ ಯಾವ ಬಗೆ ತಂದರೂ ಮುಳ್ಳು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂಬುದನ್ನು ತೀರ್ಮಾನಿಸುವುದು ಡಯಲ್ ಅಲ್ಲ, ಸೆಂಡರ್ ಕೂತ ಜಾಗ ಮತ್ತು ಅದರ ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ). ಅಂಗಡಿಯಲ್ಲಿ ಡಯಲ್‌ನ ಅಂದ ನೋಡಿ ದುಡ್ಡು ಸುರಿಯುವವರು ಫಿಟಿಂಗ್‌ಗೆ ಬಂದಾಗ ಜಿಪುಣರಾಗುತ್ತಾರೆ. ಅದು ಉಲ್ಟಾ ಆಗಬೇಕು.

ಮೊದಲು ಥ್ರೆಡ್ ಅಳೆಯಿರಿ

ಕೆಂಪು ದೀಪ ಹೊತ್ತಿಸುವ ಆಯಿಲ್ ಸ್ವಿಚ್ ಬಿಚ್ಚಿದ ತೂತಿಗೆ ಯಾವ ಥ್ರೆಡ್ (ಸ್ಕ್ರೂ ಸುತ್ತು) ಎಂಬುದನ್ನು ಕಣ್ಣಳತೆಯಲ್ಲಿ ಹೇಳಲು ಹೋಗಬೇಡಿ. ಮೂರು ಥ್ರೆಡ್‌ಗಳು ನೋಡಲು ಒಂದೇ ಥರ ಇವೆ. ಅಮೆರಿಕದ 1/8 ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಹೊರವ್ಯಾಸ ಸುಮಾರು 10.3 ಮಿಲಿಮೀಟರ್. ಬ್ರಿಟಿಷ್ ಮೂಲದ 1/8 ಬಿಎಸ್‌ಪಿಟಿಗೆ ಇಂಚಿಗೆ 28 ಸುತ್ತು, ವ್ಯಾಸ 9.7. ಮೆಟ್ರಿಕ್ ಎಂ10ಕ್ಕೆ 10 ಮಿಲಿಮೀಟರ್, ಪಿಚ್ (ಸುತ್ತು ಸುತ್ತಿನ ನಡುವಿನ ಅಂತರ) 1. ಒಂದರ ತೂತಿಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ‘ಹಾ, ಕೂತಿತು’ ಎಂದು ಸ್ಪ್ಯಾನರ್ ಹಾಕಿ ಎಳೆದರೆ ಥ್ರೆಡ್ ಕೆಟ್ಟಿತು ಅಂತಲೇ ಲೆಕ್ಕ. ಅಲ್ಯೂಮಿನಿಯಂ ಭಾಗವಾದರೆ ಸೀಳಿಯೂ ಬಿಡಬಹುದು.

ಮಾರುತಿ 800ರ ಇಂಜಿನ್ ಸುಜುಕಿಯದ್ದು, ಆಯಿಲ್ ಸ್ವಿಚ್ಚಿಗೆ ಜಪಾನಿನವರು ಬಳಸುವ 1/8 ಪಿಟಿ, ಅಂದರೆ ಬಿಎಸ್‌ಪಿಟಿ ಜಾತಿ. ಮೀಟರ್ ಡಬ್ಬಿಯಲ್ಲಿ ಬರುವ ಸೆಂಡರ್ ಹೆಚ್ಚಿನ ಸಲ ಎನ್‌ಪಿಟಿ, ಇಲ್ಲವಾದರೆ ಎಂ10. ಪ್ರೀಮಿಯರ್ ಪದ್ಮಿನಿ ಕಾರಿನದು ಫಿಯೆಟ್ ಮೂಲ, ಥ್ರೆಡ್ ಮೆಟ್ರಿಕ್. ಹಳೆ ಪೆಟ್ರೋಲ್ ಅಂಬಾಸಡರ್‌ನ ಬಿಎಂಸಿ ಇಂಜಿನ್ ಬ್ರಿಟಿಷರದು, ಅಲ್ಲಿ ಬಿಎಸ್‌ಪಿ. ಬಿಚ್ಚಿದ ಹಳೆ ಸ್ವಿಚ್ಚನ್ನೇ ಜೇಬಿಗೆ ಹಾಕಿಕೊಂಡು ಕುರ್ಲಾದ ಸಿಎಸ್‌ಟಿ ರಸ್ತೆಗೋ ಪುಣೆಯವರಾದರೆ ನಾನಾ ಪೇಠೆಗೋ ಹೋಗಿ. ಜೊತೆಗೊಂದು ಥ್ರೆಡ್ ಗೇಜ್, ಒಂದು ವರ್ನಿಯರ್ ಇರಲಿ. ಸರಿಹೊಂದುವ ಅಡಾಪ್ಟರ್ ಸಿಗದಿದ್ದರೆ ಲೇತ್‌ನವರಿಂದ ಹಿತ್ತಾಳೆಯಲ್ಲಿ ಕಡೆಸಿ. ಹಳೆ ಸ್ವಿಚ್ ಮತ್ತು ಹೊಸ ಸೆಂಡರ್ ಎರಡನ್ನೂ ಕೈಗೆ ಕೊಟ್ಟರೆ ಸಣ್ಣ ಕೆಲಸ.

ಕೆಂಪು ದೀಪವನ್ನು ಮಾತ್ರ ಕಿತ್ತು ಹಾಕಬೇಡಿ. ಟಿ ಜಾಯಿಂಟ್ ಹಾಕಿ, ಒಂದು ಬಾಯಿಗೆ ಹಳೆ ಸ್ವಿಚ್, ಇನ್ನೊಂದಕ್ಕೆ ಮೀಟರ್. ಮೀಟರನ್ನು ಎಷ್ಟು ಹೊತ್ತು ನೋಡುತ್ತೀರಿ? ದೀಪ ಕಣ್ಣಿಗೆ ತಾನಾಗಿ ಬೀಳುತ್ತದೆ.

ಆಯಿಲ್ ಒತ್ತಡ: ಕೊಳವೆಯೋ ಸೆಂಡರ್ರೋ

ಮೆಕ್ಯಾನಿಕಲ್ ಮೀಟರಿನೊಳಗೆ ಇರುವುದು ಬೋರ್ಡನ್ ಟ್ಯೂಬ್, ಚಪ್ಪಟೆಯಾಗಿ ಬಾಗಿಸಿದ ಹಿತ್ತಾಳೆ ಕೊಳವೆ. ಒತ್ತಡ ಏರಿದಂತೆ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಬ್ಯಾಟರಿ ಬೇಡ, ಅರ್ತ್ ಬೇಡ, ವೋಲ್ಟೇಜ್ ಏರಿಳಿದರೂ ಚಿಂತೆಯಿಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಳ್ಳು ಏಳುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆದರೆ ಅದೂ ಕಾಣುತ್ತದೆ. ಅದು ಕಂಡರೆ ಮೊದಲು ಡಿಪ್‌ಸ್ಟಿಕ್ ನೋಡಿ, ಆಯಿಲ್ ಕಮ್ಮಿ ಇರುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಮುಳ್ಳು ಸ್ವಲ್ಪ ನಿಧಾನ ಆಗುತ್ತದೆ ಅಷ್ಟೆ, ಅಂಕಿ ತಪ್ಪುವುದಿಲ್ಲ.

ತೊಂದರೆಯೆಲ್ಲ ಕೊಳವೆಯದು. ಡಬ್ಬಿಯಲ್ಲಿ ಕೊಡುವ ನೈಲಾನ್ ಕೊಳವೆಯನ್ನು ಅಲ್ಲೇ ಬಿಟ್ಟುಬಿಡುವುದು ಮೇಲು. ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರ ಹಾದರೆ ಕರಗುತ್ತದೆ, ದೂರವಿದ್ದರೂ ಎರಡು ಮೂರು ಬೇಸಿಗೆ ಕಳೆದ ಮೇಲೆ ಗಟ್ಟಿಯಾಗಿ, ತುದಿ ಹಿಡಿಯುವ ಬಳೆ (ಫೆರೂಲ್) ಕಚ್ಚಿದ ಜಾಗದಲ್ಲೇ ಮುರಿಯುತ್ತದೆ. ಮುರಿದರೆ ಬಿಸಿ ಆಯಿಲ್ ಡ್ರೈವರ್ ಮೊಣಕಾಲಿನ ಮೇಲೆ. ಮಾರುತಿ 800ರ ಸಂಪಿನಲ್ಲಿ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಇರುವುದೇ ಮೂರು ಲೀಟರಿನ ಆಸುಪಾಸು, ಸೋರಿಕೆ ಗಮನಿಸದೆ ಹೋದರೆ ಖಾಲಿಯಾಗಲು ಬಹಳ ಹೊತ್ತು ಬೇಕಿಲ್ಲ. ತಾಮ್ರದ ಕೊಳವೆ ಅದಕ್ಕಿಂತ ವಾಸಿ. ಆದರೆ ಇಂಜಿನ್ ಅದುರಿ ಅದುರಿ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ಇಂಜಿನ್ ಮತ್ತು ಫೈರ್‌ವಾಲ್ (ಇಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ನಡುವೆ ಐದು ಸೆಂಟಿಮೀಟರ್ ಅಗಲದ ಎರಡು ಸುತ್ತು ಸುರುಳಿ ಬಿಡಬೇಕು. ಮೂರು ಸಿಲಿಂಡರಿನ ಇಂಜಿನ್‌ಗೆ ಈ ಸುರುಳಿ ಬಿಡದಿದ್ದರೆ ತಾಮ್ರ ಹಾಕಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಸ್ಟೀಲ್ ಹೆಣಿಗೆಯ ಸಣ್ಣ ಹೋಸ್. ಹೈಡ್ರಾಲಿಕ್ ಹೋಸ್ ಮಾಡಿಕೊಡುವವರಿಗೆ ಅಳತೆ ಕೊಟ್ಟರೆ ಎರಡು ತುದಿಗೂ ಫಿಟಿಂಗ್ ಒತ್ತಿ ಕೊಡುತ್ತಾರೆ. ಇಂಜಿನ್ ಬದಿಯ ಫಿಟಿಂಗಿನೊಳಗೆ ಒಂದು ಮಿಲಿಮೀಟರ್ ತೂತಿನ ತಡೆ ಹಾಕಿಸಿ. ಹೋಸ್ ಒಡೆದರೂ ಆಯಿಲ್ ಸಣ್ಣ ಎಳೆಯಾಗಿ ಹೋಗುತ್ತದೆ, ಗಾಡಿ ಬದಿಗೆ ನಿಲ್ಲಿಸಲು ಪುರುಸೊತ್ತು ಸಿಗುತ್ತದೆ. ಫೈರ್‌ವಾಲ್ ತೂತಿಗೆ ರಬ್ಬರ್ ಗ್ರೊಮೆಟ್ ಕಡ್ಡಾಯ.

ಎಲೆಕ್ಟ್ರಿಕಲ್ ಬಗೆಯಲ್ಲಿ ಆಯಿಲ್ ಒಳಗೆ ಬರುವುದಿಲ್ಲ, ಅದೇ ಅದರ ದೊಡ್ಡ ಗುಣ. ಹೆಂಡತಿ ಮಕ್ಕಳು ಕೂರುವ ಗಾಡಿಗೆ ಮೆಕ್ಯಾನಿಕಲ್ ಬೇಡ ಅನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಸೆಂಡರ್ ಡಬ್ಬಿ ಭಾರ. ಅದನ್ನು ಹಿತ್ತಾಳೆ ಅಡಾಪ್ಟರ್ ಮೇಲೆ ಟಿ, ಟಿ ಮೇಲೆ ಸೆಂಡರ್ ಎಂದು ಇಂಜಿನ್ನಿಗೇ ಗೋಪುರ ಕಟ್ಟಿದರೆ ಅಡಾಪ್ಟರಿನ ಕತ್ತು ಒಂದು ದಿನ ಅದುರಾಟಕ್ಕೆ ಕತ್ತರಿಸಿ ಹೋಗುತ್ತದೆ. ಆಗ ಪೂರ್ತಿ ಒತ್ತಡದ ಆಯಿಲ್ ರಸ್ತೆಗೆ. ಸಣ್ಣ ಹೋಸಿನಲ್ಲಿ ಬಾಡಿಗೆ ತಂದು ಬ್ರಾಕೆಟ್ ಮೇಲೆ ಸೆಂಡರ್ ಕೂರಿಸಿ. ಆಗ ಸೆಂಡರ್ ಮೈಯಿಂದ ಇಂಜಿನ್ ಬ್ಲಾಕ್‌ಗೆ ಪ್ರತ್ಯೇಕ ಅರ್ತ್ ವೈರು ಎಳೆಯಲೇಬೇಕು.

ಕಾಲು ಜಾರಿ ಬೀಳುವ ಇನ್ನೊಂದು ಗುಂಡಿ ಇದೆ. ಯುರೋಪಿನ ಬಗೆಯ ಸೆಂಡರ್ 10ರಿಂದ 180 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ಒತ್ತಡ ಏರಿದರೆ ಓಮ್ ಏರುತ್ತದೆ. ಅಮೆರಿಕದ ಬಗೆ 240ರಿಂದ 33, ಏರಿದರೆ ಇಳಿಯುತ್ತದೆ. ಅದಲುಬದಲಾದರೆ ಇಂಜಿನ್ ನಿಂತಾಗ ಮುಳ್ಳು ತುದಿಗೆ ಹೋಗುತ್ತದೆ, ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದ ಮೋಸ ಬೇರೆ: 5 ಬಾರ್ ಸೆಂಡರ್, 10 ಬಾರ್ ಸೆಂಡರ್ ಎರಡಕ್ಕೂ ಅದೇ 10ರಿಂದ 180 ಓಮ್. 5 ಬಾರ್ ಡಯಲ್‌ಗೆ 10 ಬಾರ್ ಸೆಂಡರ್ ಸಿಕ್ಕಿಸಿದರೆ ನಿಜವಾದ 4 ಬಾರ್ 2 ಎಂದು ಕಾಣುತ್ತದೆ. ಪಂಪು ಸವೆದಿದೆ ಎಂದು ಇಂಜಿನ್ ಇಳಿಸಿಬಿಟ್ಟೀರಿ! ಬಿಡಿ ಸೆಂಡರ್ ಕೊಳ್ಳುವಾಗ ಅದರ ಮೈಮೇಲಿನ ಅಂಕಿ ಓದಿ.

ಬಿಸಿ ಅಳೆಯುವುದು

ಇಲ್ಲಿ ಮೆಕ್ಯಾನಿಕಲ್ ಸೋಲುತ್ತದೆ. ಅದರ ಬಲ್ಬ್ (ಬಿಸಿ ಹಿಡಿಯುವ ಲೋಹದ ತುದಿ, ದೀಪವಲ್ಲ), ಕ್ಯಾಪಿಲರಿ ಎಂಬ ಸಣ್ಣ ಕೊಳವೆ, ಡಯಲ್ ಮೂರೂ ಒಂದೇ ಮುಚ್ಚಿದ ತುಂಡು. ಕೊಳವೆ ಸಾಮಾನ್ಯವಾಗಿ 1.8 ಮೀಟರ್, ಕತ್ತರಿಸಲಾಗದು, ಜೋಡಿಸಲಾಗದು. ಒಮ್ಮೆ ಚೂಪಾಗಿ ಮಡಿಸಿದರೆ ಮೀಟರ್ ಕಸಕ್ಕೆ. ಬಲ್ಬ್ ದಾಟಿಸಲು ಫೈರ್‌ವಾಲ್‌ನಲ್ಲಿ ದೊಡ್ಡ ತೂತು ಬೇಕು, ಮೇಲಾಗಿ ಚಿಕ್ಕ ಇಂಜಿನ್‌ನ ಸೆಂಡರ್ ತೂತಿಗೆ ಆ ದಪ್ಪ ಬಲ್ಬ್ ಇಳಿಯುವುದೇ ಇಲ್ಲ. ಕೊನೆಗೆ ರೇಡಿಯೇಟರ್ ಹೋಸ್ ಕತ್ತರಿಸಿ ನಡುವೆ ಅಡಾಪ್ಟರ್ ಹಾಕಬೇಕಾಗುತ್ತದೆ. ಅಂಬಾಸಡರ್‌ನಂಥ ದೊಡ್ಡ ಹೆಡ್ಡಿಗೆ ಸರಿ, 800ಕ್ಕೆ ಅಲ್ಲ.

ಎಲೆಕ್ಟ್ರಿಕಲ್ ಸೆಂಡರ್ ಚಿಕ್ಕದು, ಕಂಪನಿ ಸೆಂಡರ್ ಇದ್ದ ಜಾಗಕ್ಕೇ ಹೋಗುತ್ತದೆ. ಜಾಗ ಮುಖ್ಯ: ಥರ್ಮೋಸ್ಟಾಟ್‌ಗಿಂತ (ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಮೊದಲು, ಇಂಜಿನ್ ಬದಿಯಲ್ಲಿ, ನೀರು ಹರಿಯುವ ಕಡೆ ಮುಳುಗಿರಬೇಕು. ಆಯಿಲ್‌ಗೆ ಹಾಕಿದ ಟಿ ಜಾಯಿಂಟ್ ಉಪಾಯ ಇಲ್ಲಿ ನಡೆಯದು. ಟಿ ಕೊಂಬಿನಲ್ಲಿ ನೀರು ಹರಿಯುವುದಿಲ್ಲ, ಅಲ್ಲಿ ಕೂತ ಸೆಂಡರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಂಪನಿ ಸೆಂಡರ್ ತೆಗೆದದ್ದರಿಂದ ಹಳೆ ಮೀಟರ್ ಸತ್ತರೆ ಸಾಯಲಿ, ಅಂಕಿಯಿರುವ ಮೀಟರ್ ಬಂದ ಮೇಲೆ ಅದರ ಹಂಗೇಕೆ?

ಹೋಸ್ ಅಡಾಪ್ಟರ್ ಸುಲಭ ಎಂದು ಹಾಕುವವರು ಎರಡು ವಿಷಯ ತಿಳಿದಿರಬೇಕು. ಮೇಲಿನ ಹೋಸ್ ಥರ್ಮೋಸ್ಟಾಟಿನ ಆಚೆಗಿದೆ, ಅದು ತೆರೆಯುವವರೆಗೆ ಮೀಟರ್ ತಣ್ಣಗೇ ಇರುತ್ತದೆ. ಥರ್ಮೋಸ್ಟಾಟ್ ಮುಚ್ಚಿಯೇ ಸಿಕ್ಕಿಬಿದ್ದರೆ ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಆರಾಮ. ಎರಡನೆಯದು, ಅಡಾಪ್ಟರಿನ ಎರಡು ಬದಿಗೂ ರಬ್ಬರ್, ಅರ್ತ್ ಎಲ್ಲಿಂದ ಬರಬೇಕು? ಅಡಾಪ್ಟರಿನ ಲೋಹದ ಮೈಗೇ ವೈರು ಸಿಕ್ಕಿಸಿ ಬ್ಲಾಕ್‌ಗೆ ಕಟ್ಟಿ. ನೀರೇ ಖಾಲಿಯಾದರೆ ಸೆಂಡರ್ ಗಾಳಿಯಲ್ಲಿ ನಿಂತು ಕಡಿಮೆ ತೋರಿಸುತ್ತದೆ, ಆದ್ದರಿಂದ ಟ್ರಾಫಿಕ್‌ನಲ್ಲಿ ಮುಳ್ಳು ಕಾರಣವಿಲ್ಲದೆ ಕೆಳಗಿಳಿದರೆ ಖುಷಿಪಡಬೇಡಿ, ನಿಲ್ಲಿಸಿ.

ಡಿಜಿಟಲ್

ಇದರ ಒತ್ತಡದ ಸೆನ್ಸರ್ 5 ವೋಲ್ಟಿನಲ್ಲಿ ನಡೆದು 0.5ರಿಂದ 4.5 ವೋಲ್ಟ್ ಕಳಿಸುತ್ತದೆ. ಅದಕ್ಕೇ ತನ್ನದೇ ಅರ್ತ್ ವೈರು ಇರುವುದರಿಂದ ಥ್ರೆಡ್ಡಿಗೆ ಸುತ್ತಿದ ಟೇಪು, ತುಕ್ಕಿನಿಂದ ಅರ್ತ್ ತಪ್ಪುವ ಗೋಳಿಲ್ಲ. ಮುಳ್ಳು ನಿಖರ. 100 ಡಿಗ್ರಿ ದಾಟಿದರೆ ಕೂಗು ಎಂದು ಹೇಳಿಡಬಹುದು, ಇದೊಂದಕ್ಕೆ ಅದನ್ನು ಮೆಚ್ಚಲೇಬೇಕು.

ಆದರೆ ಹಳೆ ಬಗೆಯ ಪಾಯಿಂಟ್ ಇಗ್ನಿಷನ್ ಮತ್ತು ತಾಮ್ರದ ಎಳೆಯ ಪ್ಲಗ್ ವೈರಿರುವ ಗಾಡಿಯಲ್ಲಿ ಕಿಡಿಯ ಎಲೆಕ್ಟ್ರಿಕಲ್ ಗದ್ದಲಕ್ಕೆ ಇದಕ್ಕೆ ಮಂಕು ಹಿಡಿಯುತ್ತದೆ, ಮುಳ್ಳು ಕುಣಿಯುತ್ತದೆ. ರೆಸಿಸ್ಟರ್ ಪ್ಲಗ್ ಅಥವಾ ಕಾರ್ಬನ್ ವೈರು ಹಾಕಿದ ಮೇಲೆ ದಾರಿಗೆ ಬರುತ್ತದೆ. ಅಗ್ಗದವುಗಳ ದೀಪ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಜೊತೆಗೆ ಹೇಳಿಟ್ಟದ್ದನ್ನು ಮೀಟರ್ ನೆನಪಿಡಲು ಸದಾ ಬ್ಯಾಟರಿ ಎಳೆಯುವ ವೈರು. ಅದು 20 ಮಿಲಿಆಂಪ್ ಎಳೆದರೂ ದಿನಕ್ಕೆ ಅರ್ಧ ಆಂಪಿಯರ್ ಅವರ್, ತಿಂಗಳಿಗೆ ಹದಿನಾಲ್ಕು. ಸೊಸೈಟಿಯಲ್ಲಿ ಕವರ್ ಹೊದ್ದು ಮಲಗುವ 35 ಆಂಪಿಯರ್ ಅವರ್ ಬ್ಯಾಟರಿಯ ಗಾಡಿಗೆ ಇದು ಹೊರೆಯೇ.

ವೈರು, ಅರ್ತ್, ಪರೀಕ್ಷೆ

ಮೀಟರಿಗೆ ಇಗ್ನಿಷನ್ ಮೇಲೆ ಬರುವ ಫ್ಯೂಸ್‌ನಿಂದ ಕರೆಂಟ್ ಕೊಡಿ, ಇಗ್ನಿಷನ್ ಕಾಯಿಲ್‌ನಿಂದ ಕದಿಯಬೇಡಿ. 0.75 ಚದರ ಮಿಲಿಮೀಟರ್ ವೈರು, 2 ಆಂಪ್ ಫ್ಯೂಸ್ ಸಾಕು. ಡಯಲ್‌ನ ಅರ್ತ್ ಬ್ಲಾಕ್‌ವರೆಗೆ ಪ್ರತ್ಯೇಕ ಹೋಗಲಿ. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಜರುಗಿದರೆ ಇಂಜಿನ್ ಬಿಸಿಯಾಗಿಲ್ಲ, ಅರ್ತ್ ಹಂಚಿಹೋಗಿದೆ ಎಂದರ್ಥ. ಕಡಲ ಗಾಳಿಯ ಊರಿನಲ್ಲಿ ಎರಡು ಮಳೆಗಾಲ ದಾಟಿದ ರಿಂಗ್ ಟರ್ಮಿನಲ್ ಬಿಚ್ಚಿ ನೋಡಿ, ಹಸಿರು ಪುಡಿ ಕಟ್ಟಿರುತ್ತದೆ. ಕೆರೆದು ಗ್ರೀಸ್ ಸವರಿ ಬಿಗಿ ಮಾಡಿ. ಸೆಂಡರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಮಲ್ಟಿಮೀಟರ್ ಅರ್ಧ ಓಮ್‌ಗಿಂತ ಹೆಚ್ಚು ತೋರಿಸಬಾರದು. ಟೆಫ್ಲಾನ್ ಟೇಪನ್ನು ಥ್ರೆಡ್ ತುಂಬ ಸುತ್ತಿದರೆ ಈ ಅರ್ತೇ ತಪ್ಪಬಹುದು, ತುಂಡು ಕಿತ್ತು ಆಯಿಲ್ ದಾರಿಗೂ ಹೋಗುತ್ತದೆ. ದ್ರವ ಥ್ರೆಡ್ ಸೀಲಂಟ್ ಹಚ್ಚಿ, ತುದಿಯ ಎರಡು ಸುತ್ತು ಖಾಲಿ ಬಿಡಿ.

ಹಾಕುವ ಮೊದಲು ಮೇಜಿನ ಮೇಲೆ ಪರೀಕ್ಷೆ ಮಾಡಿ. ಟೆಂಪರೇಚರ್ ಸೆಂಡರ್‌ನ ಹಿತ್ತಾಳೆ ತುದಿಯನ್ನು ಕುದಿಯುವ ನೀರಿನಲ್ಲಿ ಇಳಿಬಿಡಿ, ವೈರಿನ ತುದಿ ನೆನೆಯಬಾರದು. ಸೆಂಡರ್ ಮೈಗೆ ಒಂದು ವೈರು ಕಟ್ಟಿ ಬ್ಯಾಟರಿ ನೆಗೆಟಿವ್‌ಗೆ. ಮುಂಬೈಯಲ್ಲಿ ಮುಳ್ಳು 100ಕ್ಕೆ ನಿಲ್ಲಬೇಕು. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲೆ, ಅಲ್ಲಿ ನೀರು 98ಕ್ಕೇ ಕುದಿಯುತ್ತದೆ, ಮೀಟರ್ ಎರಡು ಡಿಗ್ರಿ ಕಮ್ಮಿ ತೋರಿಸಿತೆಂದು ಅಂಗಡಿಯವನ ಜೊತೆ ಜಗಳ ಬೇಡ. ಡಯಲ್ ಒಂದನ್ನೇ ನೋಡಬೇಕಾದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿ ರೆಸಿಸ್ಟರ್ ಸಿಗುತ್ತವೆ. ಯುರೋಪಿನ ಬಗೆಯ 120 ಡಿಗ್ರಿ ಮೀಟರಿಗೆ ಸೆಂಡರ್ ಬದಲು 51 ಓಮ್ ಕೊಟ್ಟರೆ ಮುಳ್ಳು 90ರ ಹತ್ತಿರ, 22 ಓಮ್ ಕೊಟ್ಟರೆ 120ರ ಹತ್ತಿರ.

ಅಂಕಿ ಓದುವುದು ಹೀಗೆ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿ 95ರ ಮೇಲೆ ಹೋಗಿ, ಫ್ಯಾನ್ ಹಾಕಿಕೊಂಡು, ಕೆಳಗಿಳಿದರೆ ಎಲ್ಲ ಸರಿ. ಫ್ಯಾನ್ ತಿರುಗುತ್ತಿದ್ದರೂ ಏರುತ್ತಲೇ ಹೋದರೆ ರೇಡಿಯೇಟರ್ ಕಟ್ಟಿರಬಹುದು. ಘಾಟಿಯಲ್ಲಿ 100 ಮುಟ್ಟಿದರೆ ಗಾಬರಿ ಬೇಡ, 0.9 ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಮುಚ್ಚಳ ಗಟ್ಟಿಯಿದ್ದರೆ ಬರೀ ನೀರು ಕೂಡ 118ರವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸವೆದಿದ್ದರೆ ಮಾತ್ರ ಈ ಲೆಕ್ಕ ಸುಳ್ಳಾಗುತ್ತದೆ. ಆಯಿಲ್‌ಗೆ ಹಳೆ ಲೆಕ್ಕವೇ ಸಾಕು: ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 0.7 ಬಾರ್. ಲೋಣಾವಳಾದಲ್ಲಿ ಚಹಾಕ್ಕೆ ನಿಲ್ಲಿಸುವ ಮುನ್ನ ಐಡಲಿಂಗ್‌ನಲ್ಲಿ ಎಷ್ಟಿದೆ ನೋಡಿ ಬರೆದಿಡಿ. ಅದು ಆ ಇಂಜಿನ್‌ನ ಅತಿ ಕಡಿಮೆ ಒತ್ತಡ. ಅದೇ ಆಯಿಲ್, ಅದೇ ಘಾಟಿ, ಮುಂದಿನ ವರ್ಷ ಅಂಕಿ ಇಳಿದಿದ್ದರೆ ಮೊದಲು ಗ್ರೇಡ್ ನೋಡಿ, ಯಾರಾದರೂ 20ಡಬ್ಲ್ಯೂ-50 ಬದಲು ತೆಳುವಾದದ್ದು ಸುರಿದಿರಬಹುದು. ಗ್ರೇಡ್ ಸರಿಯಿದ್ದೂ ಇಳಿದಿದ್ದರೆ ಸಂಪ್ ಇಳಿಸಿ ಬೇರಿಂಗ್ ಶೆಲ್ ನೋಡುವ ಕಾಲ ಬಂದಿದೆ.