ಗ್ಲುಟನ್ ಫ್ರೀ, ಡೈರಿ ಫ್ರೀ ಅಂತ ಪ್ರೋಬಯಾಟಿಕ್ ಮಾರ್ತಿದಾರೆ, ಡಬ್ಬಿ ಮೇಲಿನ ಸ್ಟಿಕ್ಕರ್ ಕಿತ್ತು ನೋಡಿ

ಮನೇಲಿ ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನಿಂದ ಕರುಳು ಹಾಳಾಗೋ ಕಾಯಿಲೆ) ಇರೋ ಮಕ್ಕಳಿದ್ರೆ, ಗೋಧಿ ಜೊತೆ ಹಾಲೂ ಬಿಟ್ಟಿದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಇನ್‌ಸ್ಟಾಗ್ರಾಮಲ್ಲಿ ಗಟ್ ಹೆಲ್ತ್ ಗಟ್ ಹೆಲ್ತ್ ಅಂತ ರೀಲ್ ಹಾಕಿ ವಾಟ್ಸಾಪಲ್ಲಿ ಆರ್ಡರ್ ತಗೊಳೋರ ಹತ್ರ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೇದು ಅಂತ ಕೊಡೋ ಜೀವಂತ ಬ್ಯಾಕ್ಟೀರಿಯಾ) ತಗೋಬೇಡಿ. ತಗೊಂಡೇ ತಗೋತೀವಿ ಅಂದ್ರೆ ಡಬ್ಬಿಯ ಹಿಂಬದಿ ಫೋಟೋ ಬರೋವರೆಗೂ ಒಂದು ರೂಪಾಯಿ ಕೂಡ ಹಾಕಬೇಡಿ. ಮುಂದಿನ ಫೋಟೋ ಅಲ್ಲ, ಹಿಂದಿಂದು.

ನನ್ನ ಮಗಳಿಗೆ ಒಂಬತ್ತು ವರ್ಷ. ಬ್ಲಡ್ ಟೆಸ್ಟಲ್ಲಿ ಟಿಟಿಜಿ (ಸೀಲಿಯಾಕ್ ಪತ್ತೆಗೆ ನೋಡೋ ಆಂಟಿಬಾಡಿ) ಜಾಸ್ತಿ ಬಂತು, ಎಂಡೋಸ್ಕೋಪಿ ಮಾಡಿ ಬಯಾಪ್ಸಿ ಕಳಿಸಿದ್ರು, ಸೀಲಿಯಾಕ್ ಅಂತ ಖಾತ್ರಿ ಆಯ್ತು. ಗೋಧಿ, ಮೈದಾ, ರವೆ, ಬಾರ್ಲಿ ಎಲ್ಲ ಬಂದ್. ಅದರ ಮೇಲೆ, ಕರುಳಿನ ಒಳಪದರ ಹಾಳಾಗಿರೋದ್ರಿಂದ ಹಾಲಿನ ಸಕ್ಕರೆ ಅರಗಿಸೋ ಶಕ್ತೀನೂ ಕಮ್ಮಿ ಆಗಿದೆ, ಅದು ಸರಿಹೋಗೋ ತನಕ ಹಾಲು ಮೊಸರು ಯಾವುದೂ ಬೇಡ ಅಂದ್ರು ಡಾಕ್ಟ್ರು. ಕೊನೇಲಿ ಮೊಸರನ್ನ ಇಲ್ದೆ ಊಟ ಮುಗಿಯದ ಮನೆ ನಮ್ದು. ಆದ್ರೂ ಮಾಡಿದ್ವಿ. ಊರಿನ ಗಿರಣೀಲಿ ಗೋಧಿ ಬೀಸಿದ ಕಲ್ಲಲ್ಲೇ ರಾಗೀನೂ ಬೀಸ್ತಾರೆ ಅಂತ ರಾಗಿ, ಅಕ್ಕಿ ಎರಡಕ್ಕೂ ಮನೇಲೇ ಚಿಕ್ಕ ಗಿರಣಿ ತಂದ್ವಿ. ಅಂಗಡಿ ಇಂಗಿಗೆ ಗೋಧಿ ಹಿಟ್ಟು ಸೇರಿಸಿರ್ತಾರೆ ಅಂತ ಗೊತ್ತಾದ ದಿನವೇ ಆ ಡಬ್ಬಿ ಹೊರಗೆ ಹೋಯ್ತು. ದೋಸೆ ಹೆಂಚು ಬೇರೆ, ಸೌಟು ಬೇರೆ. ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ಆ ಮಾರಾಟದವರು ಆಮೇಲೆ ನನಗೆ ಹೇಳಿದ್ದು ಏನು ಗೊತ್ತಾ, "ನಿಮ್ಮ ಅಡುಗೆಮನೇಲೇ ಏನೋ ಕಂಟಾಮಿನೇಶನ್ ಇರಬೇಕು ಮ್ಯಾಮ್" ಅಂತ. ನಮ್ಮ ಅಡುಗೆಮನೇಲಿ!

ಗಂಟಲು ಇನ್ಫೆಕ್ಷನ್ ಆಗಿ ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೆ ಮಗಳಿಗೆ ಹೊಟ್ಟೆ ಸರಿ ಇರಲಿಲ್ಲ, ಮೊಸರೂ ಇಲ್ಲ, ಅದಕ್ಕೆ ಪ್ರೋಬಯಾಟಿಕ್ ಹುಡುಕಿದ್ದು. ಈ ಪೇಜ್‌ನವರ ರೀಲಲ್ಲಿ ಡಬ್ಬಿ ಮೇಲೆ ದೊಡ್ಡದಾಗಿ ಗ್ಲುಟನ್ ಫ್ರೀ, ಡೈರಿ ಫ್ರೀ ಅಂತ ಹಸಿರು ಅಕ್ಷರ. ಆರ್ಡರ್ ಮಾಡೋಕೆ ಮುಂಚೆ ಸ್ಪಷ್ಟವಾಗಿ ಬರೆದು ಕೇಳಿದ್ದೆ, ಮಗುಗೆ ಸೀಲಿಯಾಕ್ ಇದೆ, ಹಾಲೂ ಆಗಲ್ಲ, ಇಂಗ್ರೀಡಿಯೆಂಟ್ಸ್ ಕಳಿಸಿ ಅಂತ. ಬಂದ ಉತ್ತರ, "ಅಕ್ಕ ನೂರಕ್ಕೆ ನೂರು ಸೇಫ್, ನಮ್ಮ ಮಗುಗೂ ಇದನ್ನೇ ಕೊಡೋದು, ಕಣ್ಣು ಮುಚ್ಚಿಕೊಂಡು ಕೊಡಿ." ಇಂಗ್ರೀಡಿಯೆಂಟ್ಸ್ ಫೋಟೋ ಇನ್ನೊಂದು ಸಲ ಕೇಳಿದೆ, "ಸ್ಟಾಕ್ ಗೋಡೌನಲ್ಲಿದೆ ಅಕ್ಕ, ಆಫರ್ ಇವತ್ತೇ ಲಾಸ್ಟ್" ಅಂದ್ರು. ಸಾವಿರದ ಎಂಟುನೂರ ಐವತ್ತು ರೂಪಾಯಿ. ಅದೂ ಆಫರ್ ರೇಟು. ದುಡ್ಡು ಹೋಗೋವರೆಗೂ ಅಕ್ಕ, ಆಮೇಲಿಂದ ಬರೀ ಮ್ಯಾಮ್.

ಕೊಡೋಕೆ ಶುರು ಮಾಡಿದ ಮೇಲೆ ಮಗು ಹೊಟ್ಟೆ ತಮಟೆ ಥರ ಬಿಗೀತು, ಲೂಸ್ ಮೋಷನ್ನು, ಸ್ಕೂಲಿಗೆ ಕಳಿಸೋ ಹಾಗಿಲ್ಲ. ಮೆಸೇಜ್ ಹಾಕಿದೆ. ಉತ್ತರ: "ಗುಡ್ ಸೈನ್ ಮ್ಯಾಮ್, ಅದು ಡೈ ಆಫ್, ಕೆಟ್ಟ ಬ್ಯಾಕ್ಟೀರಿಯಾ ಸಾಯ್ತಿರೋದು. ಡೋಸ್ ಡಬಲ್ ಮಾಡಿ." ಯೋಚನೆ ಮಾಡಿ, ನೋವಿಂದ ಮುದುಡಿ ಮಲಗಿರೋ ಮಗುಗೆ ಡಬಲ್ ಮಾಡಿ ಅಂತಾರೆ. ಇವರು ಡಾಕ್ಟ್ರಲ್ಲ, ನರ್ಸ್ ಅಲ್ಲ, ಬಯೋದಲ್ಲಿ "ಸರ್ಟಿಫೈಡ್ ಗಟ್ ಕೋಚ್" ಅಂತ ಹಾಕಿಕೊಂಡಿದಾರೆ ಅಷ್ಟೇ. ನಾನು ಡಬಲ್ ಮಾಡಲಿಲ್ಲ, ಅವತ್ತೇ ನಿಲ್ಲಿಸಿದೆ.

ಆ ರಾತ್ರಿ ಡಬ್ಬಿ ಹಿಡ್ಕೊಂಡು ಕೂತೆ. ಹಿಂದುಗಡೆ ಎಂಆರ್‌ಪಿ, ಇಂಪೋರ್ಟರ್ ಡೀಟೇಲ್ಸು ಇರೋ ಬಿಳಿ ಸ್ಟಿಕ್ಕರ್, ಅದರ ಒಂದು ಮೂಲೆ ಸ್ವಲ್ಪ ಎದ್ದಿತ್ತು. ಕೆಳಗೆ ಏನೋ ಪ್ರಿಂಟ್ ಇದೆ ಅನ್ನಿಸ್ತು. ಉಗುರಲ್ಲಿ ಕಿತ್ತರೆ ಹರೀತಿತ್ತು, ಕೊಬ್ಬರಿ ಎಣ್ಣೆ ಹಚ್ಚಿ ನೆನೆಯೋಕೆ ಬಿಟ್ಟು ನಿಧಾನಕ್ಕೆ ಎಬ್ಬಿಸಿದೆ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇಂಗ್ಲಿಷಲ್ಲಿ ಇತ್ತು, ಲ್ಯಾಕ್ಟೋಸ್, ಸ್ಕಿಮ್ಡ್ ಮಿಲ್ಕ್ ಪೌಡರ್. ಅದರ ಕೆಳಗಿನ ಸಾಲಲ್ಲಿ, ಹಾಲು ಇದೆ, ಗೋಧಿ ಸಂಸ್ಕರಿಸೋ ಘಟಕದಲ್ಲೇ ತಯಾರಾಗಿದೆ. ಮೈಯೆಲ್ಲ ಉರಿದು ಹೋಯ್ತು. ಮುಂದುಗಡೆ ಡೈರಿ ಫ್ರೀ, ಹಿಂದುಗಡೆ ಹಾಲಿನ ಪುಡಿ, ಅದರ ಮೇಲೆ ಬೆಲೆ ಸ್ಟಿಕ್ಕರ್! ಮುಂದಿನ ಹಸಿರು ಅಕ್ಷರವೂ ಅಚ್ಚು ಹಾಕಿದ್ದಲ್ಲ, ಅದೂ ಇಲ್ಲೇ ಮಾಡಿಸಿ ಅಂಟಿಸಿರೋ ಸ್ಟಿಕ್ಕರ್ರೇ, ಅದೂ ಎಣ್ಣೆಗೆ ಎದ್ದು ಬಂತು.

ಫೋಟೋ ತೆಗೆದು ಕಳಿಸಿದೆ. ಎರಡು ನೀಲಿ ಟಿಕ್ ಬಂತು, ಬೆಳಗ್ಗೆವರೆಗೂ ಉತ್ತರ ಇಲ್ಲ. ಆಮೇಲೆ ಬಂದಿದ್ದು ಇದು, "ಮ್ಯಾಮ್ ಗ್ರೀನ್ ಡಾಟ್ ಇದೆಯಲ್ಲ, ಪ್ಯೂರ್ ವೆಜ್." ಅಲ್ರೀ, ನಮ್ಮ ದೇಶದಲ್ಲಿ ಹಸಿರು ಚುಕ್ಕೆ ಇದ್ರೆ ಸಸ್ಯಾಹಾರಿ ಅಂತ, ಹಾಲಿಂದ ಮಾಡಿದ ತುಪ್ಪ, ಪನೀರ್ ಮೇಲೂ ಅದೇ ಚುಕ್ಕೆ ಇರುತ್ತೆ. ಅದು ಹಾಲಿಲ್ಲ ಅನ್ನೋ ಗುರುತಲ್ಲ. ಇದನ್ನ ಬರೆದೆ. ಅದಕ್ಕೆ, "ಟ್ರೇಸ್ ಅಷ್ಟೇ ಮ್ಯಾಮ್, ಇಷ್ಟಕ್ಕೆಲ್ಲ ಏನೂ ಆಗಲ್ಲ." ಆಮೇಲೆ ಅಡುಗೆಮನೆ ಮಾತು. ರಿಫಂಡ್ ಕೇಳಿದ್ರೆ "ಸೀಲ್ ಓಪನ್ ಆಗಿದೆ, ಪಾಲಿಸಿ ಇಲ್ಲ." ಸೀಲ್ ಒಡೀದೆ ಮಗುಗೆ ಹೇಗೆ ಕೊಡೋದು?

ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಇದಕ್ಕೆ. ನನ್ನ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದು ಅವರ ಕಸ್ಟಮರ್ ಗ್ರೂಪಲ್ಲಿ ಹಾಕಿ, ಕೆಲವು ತಾಯಂದಿರು ಗೂಗಲ್ ನೋಡಿ ಭಯ ಬಿದ್ದು ಮಕ್ಕಳನ್ನೂ ಹಾಳು ಮಾಡ್ತಾರೆ ಅಂತ ಬರೆದಿದ್ರು. ನಂಬರ್ ಅರ್ಧ ಕಾಣ್ತಿತ್ತು, ಮಗಳ ಹೆಸರೂ ಇತ್ತು. ಆ ಗ್ರೂಪಲ್ಲಿ ನಮ್ಮ ಬೀದಿಯವರೇ ಇದಾರೆ. ಹಾಲಿನ ಬೂತಲ್ಲಿ ಒಬ್ರು "ಏನಮ್ಮ, ಮಗುಗೆ ಏನೋ ಆಯ್ತಂತೆ" ಅಂತ ಕೇಳಿದಾಗ ನಿಂತ ಜಾಗದಲ್ಲೇ ಇಳಿದು ಹೋದೆ. ಗ್ರೂಪಲ್ಲಿ ಉತ್ತರ ಹಾಕೋಣ ಅಂದ್ರೆ ಅಷ್ಟೊತ್ತಿಗೆ ನನ್ನನ್ನ ತೆಗೆದು ಬ್ಲಾಕ್ ಮಾಡಿ ಆಗಿತ್ತು.

ಡಾಕ್ಟ್ರ ಹತ್ರ ಡಬ್ಬಿ ತಗೊಂಡು ಹೋದೆ. ಅವರು ಹೇಳಿದ್ದು, ಈ ಬ್ಯಾಕ್ಟೀರಿಯಾ ಬೆಳೆಸೋವಾಗ ಹಾಲಿನಂಶ ಬಳಸೋದುಂಟು, ಒಣಗಿಸಿ ಪುಡಿ ಮಾಡೋವಾಗ ಜೀವ ಉಳೀಲಿ ಅಂತ ಹಾಲಿನ ಪುಡಿ ಸೇರಿಸೋದೂ ಉಂಟು, ಫಿಲ್ಲರ್‌ಗೆ ಹಾಕೋ ಸ್ಟಾರ್ಚ್ ಯಾವುದರದ್ದು ಅಂತಾನೂ ನೋಡಬೇಕು. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯವರು 2015ರಲ್ಲಿ ಅಲ್ಲಿ ಚೆನ್ನಾಗಿ ಮಾರಾಟ ಆಗೋ 22 ಪ್ರೋಬಯಾಟಿಕ್ ಟೆಸ್ಟ್ ಮಾಡಿದಾಗ 12ರಲ್ಲಿ ಗ್ಲುಟನ್ ಸಿಕ್ಕಿತ್ತಂತೆ, ಗ್ಲುಟನ್ ಫ್ರೀ ಅಂತ ಬರೆದಿದ್ದವೂ ಅದರಲ್ಲಿದ್ವಂತೆ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪ್ರಕಾರ ಗ್ಲುಟನ್ ಫ್ರೀ ಅಂತ ಹಾಕಬೇಕಾದ್ರೆ ಕೆಜಿಗೆ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು, ಹಾಲು, ಗ್ಲುಟನ್ ಇರೋ ಧಾನ್ಯ, ಸೋಯಾ ಇಂಥವಿದ್ರೆ ಲೇಬಲಲ್ಲಿ ಹೇಳಲೇಬೇಕು. ಹೇಳಿದ್ದರ ಮೇಲೆ ಸ್ಟಿಕ್ಕರ್ ಹಚ್ಚಿದ್ರೆ ಅದಕ್ಕೆ ಏನನ್ನಬೇಕು ನೀವೇ ಹೇಳಿ. ಇನ್ನೊಂದು ಮಾತು, ಸೀಲಿಯಾಕ್‌ಗೆ ಪ್ರೋಬಯಾಟಿಕ್ ಔಷಧಿಯೇ ಅಲ್ಲ, ಗ್ಲುಟನ್ ಬಿಡೋದೊಂದೇ ದಾರಿ ಅಂತ ಡಾಕ್ಟ್ರು ಖಡಾಖಂಡಿತ ಹೇಳಿದ್ರು. ಈ ರೀಲ್‌ನವರು "ಮೂರು ತಿಂಗಳು ತಗೊಳ್ಳಿ, ಆಮೇಲೆ ಚಪಾತಿ ತಿನ್ನಬಹುದು" ಅಂತಾರೆ, ಅದನ್ನ ನಂಬಿ ಯಾರೂ ಮಕ್ಕಳಿಗೆ ಚಪಾತಿ ಕೊಡಬೇಡಿ. ನಮ್ಮ ಮಗಳಿಗೆ ಆಮೇಲೆ ಬರೆದುಕೊಟ್ಟಿದ್ದು ಬ್ಯಾಸಿಲಸ್ ಕ್ಲಾಸಿಯೈ ಅನ್ನೋ ಪ್ರೋಬಯಾಟಿಕ್, ಚಿಕ್ಕ ಪ್ಲಾಸ್ಟಿಕ್ ಬಾಟ್ಲೀಲಿ ನೀರಿನ ಥರ ಬರುತ್ತಲ್ಲ ಅದು. ಪಕ್ಕದ ಮೆಡಿಕಲ್ ಶಾಪಲ್ಲೇ ಸಿಕ್ತು. ನಿಮ್ಮ ಮಗುಗೆ ಯಾವುದು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ, ನನ್ನ ಮಾತು ಕೇಳಿ ತಗೋಬೇಡಿ.

ಲ್ಯಾಕ್ಟೋಸ್ ಫ್ರೀ ಅಂತಿದ್ರೆ ಡೈರಿ ಫ್ರೀ ಅಂದುಕೋಬೇಡಿ, ಹಾಲಿನ ಪ್ರೋಟೀನ್ ಅದರಲ್ಲಿ ಇರಬಹುದು, ಅಲರ್ಜಿ ಇರೋ ಮಕ್ಕಳಿಗೆ ಅದೂ ಡೇಂಜರ್. ಹಿಂಬದಿ ಫೋಟೋ ಕೇಳಿ. "ಗೋಡೌನಲ್ಲಿದೆ" ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಫೋನಲ್ಲಿ ಮಾತಾಡಬೇಡಿ, ಎಲ್ಲ ಬರವಣಿಗೇಲೇ ಕೇಳಿ, ನನ್ನ ಹತ್ರ ಇವತ್ತು ಏನಾದ್ರೂ ಉಳಿದಿದ್ರೆ ಆ ಚಾಟ್ ಒಂದೇ.

ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀನಿ, ಫುಡ್ ಸೇಫ್ಟಿಗೂ ಬರೆದಿದೀನಿ. ದುಡ್ಡು ಬರಲಿ ಬಿಡಲಿ, ನಾನು ಬಿಡಲ್ಲ. ಡಬ್ಬಿ, ಎಣ್ಣೆ ಮೆತ್ತಿರೋ ಆ ಎರಡು ಸ್ಟಿಕ್ಕರ್ರು, ಕೊರಿಯರ್ ಕವರ್ರು ಎಲ್ಲ ಎತ್ತಿಟ್ಟಿದೀನಿ. ಆ ಪೇಜು ಈಗಲೂ ನಡೀತಿದೆ, ನಿನ್ನೆ ಕೂಡ ಅದೇ ಡಬ್ಬಿ ಹಿಡ್ಕೊಂಡು ರೀಲ್ ಹಾಕಿದಾರೆ. ಈ ಥರ ವಾಟ್ಸಾಪಲ್ಲಿ ತರಿಸಿದ ಡಬ್ಬಿ ನಿಮ್ಮ ಮನೇಲಿದ್ರೆ ಇವತ್ತು ರಾತ್ರಿ ಮಗುಗೆ ಕೊಡೋಕೆ ಮುಂಚೆ ಹಿಂದಿನ ಸ್ಟಿಕ್ಕರ್ ಕಿತ್ತು ನೋಡಿ, ಕೆಳಗೆ ಹಾಲೋ ಗೋಧಿಯೋ ಕಂಡ್ರೆ ಫೋಟೋ ತೆಗೆದಿಟ್ಟುಕೊಂಡು ನೀವೂ 1915ಕ್ಕೆ ಫೋನ್ ಮಾಡಿ.