ಹಳೇ ಆಲ್ಟೋ, ಮಬ್ಬು ಗ್ಲಾಸು, ಸೀರಿಯಂ ಪುಡಿ: ವರ್ಷ ದಾಟಿದ ಮೇಲೆ ನನ್ನ ಅನುಭವ

ಕಾರಿನ ಗ್ಲಾಸಿನ ಮಬ್ಬು ತೆಗೆಯಲು ತಂದ ಸೀರಿಯಂ ಆಕ್ಸೈಡ್ ಎಂಬ ಪಾಲಿಷ್ ಪುಡಿಯ ಡಬ್ಬದ ಮೇಲೆ "ಐದೇ ನಿಮಿಷದಲ್ಲಿ ಹೊಸ ಗ್ಲಾಸ್" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಶುದ್ಧ ಸುಳ್ಳು. ಐದು ನಿಮಿಷದಲ್ಲಿ ಅಂಗೈ ಅಗಲದ ಜಾಗವೂ ಸರಿಯಾಗಿ ಆಗುವುದಿಲ್ಲ. ಆಲ್ಟೋದಂಥ ಚಿಕ್ಕ ಕಾರಿನ ಮುಂದಿನ ಗ್ಲಾಸಿಗೇ ಇಡೀ ಭಾನುವಾರ ಹೋಗುತ್ತದೆ, ರಟ್ಟೆಯೂ ಬಿದ್ದುಹೋಗುತ್ತದೆ. ಹಾಗಂತ ಪುಡಿ ಕೆಟ್ಟದ್ದಲ್ಲ. ಕೆಲಸ ಮಾಡುವ ವಸ್ತುವನ್ನು ಸುಳ್ಳು ಹೇಳಿ ಯಾಕೆ ಮಾರಬೇಕು ಅನ್ನುವುದೇ ನನ್ನ ಸಿಟ್ಟು.

ನನ್ನದು 2009ರ ಆಲ್ಟೋ. 2024ಕ್ಕೆ ಹದಿನೈದು ವರ್ಷ ತುಂಬಿತು, ರಿಜಿಸ್ಟ್ರೇಷನ್ ನವೀಕರಣಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಿತ್ತು. ಇಂಜಿನ್ ಚೆನ್ನಾಗಿದೆ, ಬ್ರೇಕ್ ಚೆನ್ನಾಗಿದೆ. ಕಣ್ಣಿಗೆ ಹೊಡೆಯುತ್ತಿದ್ದದ್ದು ಗ್ಲಾಸು ಮಾತ್ರ. ಮುಂದಿನ ಗ್ಲಾಸಿನಲ್ಲಿ ಕನಿಷ್ಠ 70 ಶೇಕಡಾ ಬೆಳಕು ಹಾಯಬೇಕು ಎಂದು ನಿಯಮವಿದೆ. ನನಗೆ ನಿಯಮಕ್ಕಿಂತ ಜಾಸ್ತಿ ಚಿಂತೆ ರಾತ್ರಿ ಪ್ರಯಾಣದ್ದು. ಊರು ಚಿಂತಾಮಣಿ. ಅಪ್ಪ ಅಮ್ಮನನ್ನು ನೋಡಿಕೊಂಡು ಭಾನುವಾರ ರಾತ್ರಿ ಹೊಸಕೋಟೆ ದಾರಿಯಲ್ಲಿ ಬೆಂಗಳೂರಿಗೆ ವಾಪಸ್ ಬರುವಾಗ, ಎದುರಿನಿಂದ ಹೈ ಬೀಮ್ ಹಾಕಿಕೊಂಡು ಲಾರಿ ಬಂದರೆ ಗ್ಲಾಸು ಪೂರ್ತಿ ಬೆಳ್ಳಗಾಗುತ್ತಿತ್ತು. ರಸ್ತೆ ಅಂಚಿನಲ್ಲಿ ನಡೆದು ಹೋಗುವವರು ಒಂದೆರಡು ಕ್ಷಣ ಕಾಣುತ್ತಲೇ ಇರಲಿಲ್ಲ. ಭಯ ಆಗುತ್ತಿತ್ತು.

ಹೊಸ ಗ್ಲಾಸು ಹಾಕಿಸೋಣ ಅಂತ ಬೆಂಗಳೂರಿನ ಜೆ.ಸಿ. ರೋಡಿನ ಕಾರು ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿದೆ. ನನ್ನದು ಥರ್ಡ್ ಪಾರ್ಟಿ ಇನ್ಶೂರೆನ್ಸ್, ಗ್ಲಾಸಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಅಂಗಡಿಯವರು ಕಾರು ನೋಡಿ, "ಇದು ಕಂಪನಿಯಿಂದ ಬಂದ ಗ್ಲಾಸೇ ಸಾರ್. ಬಿರುಕಿಲ್ಲ, ನೀರು ಸೋರ್ತಿಲ್ಲ. ಸುಮ್ನೆ ಯಾಕೆ ಬಿಚ್ಚಿಸ್ತೀರ, ಪಾಲಿಷ್ ಮಾಡಿ ನೋಡಿ" ಎಂದರು. ಮಾರುವವರೇ ಬೇಡ ಅಂದಾಗ ನಂಬಲೇಬೇಕು, ಅಲ್ವಾ?

ಪುಡಿ ಕೊಳ್ಳುವ ಮೊದಲು ಮಬ್ಬು ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಒಳಗಡೆಯ ಮಬ್ಬು ಬೇರೆ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಡುವ ಎಣ್ಣೆಯಂಥ ಆವಿ ಗ್ಲಾಸಿನ ಒಳಮೈಗೆ ಪದರವಾಗಿ ಕೂರುತ್ತದೆ. ಅದಕ್ಕೆ ಮಾಮೂಲಿ ಗ್ಲಾಸ್ ಕ್ಲೀನರ್, ಮೈಕ್ರೋಫೈಬರ್ ಬಟ್ಟೆ ಸಾಕು. ಗ್ಲಾಸಿನ ಅಂಚಿನಲ್ಲಿ ಹಾಲಿನಂಥ ಬಿಳುಪು ಬಂದಿದ್ದರೆ ಅದಕ್ಕೆ ಯಾವ ಪುಡಿಯೂ ಉಪಯೋಗವಿಲ್ಲ. ಮುಂದಿನ ಗ್ಲಾಸು ಎಂದರೆ ಎರಡು ಗಾಜಿನ ಹಾಳೆ, ನಡುವೆ ಒಂದು ಪ್ಲಾಸ್ಟಿಕ್ ಪದರ. ಆ ಪದರ ಬಿಟ್ಟುಕೊಂಡಿರುತ್ತದೆ. ಕಲೆ ಹೊರಗಡೆ ಇದ್ದು, ನೀರು ಹಾಕಿದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಾಣಿಸಿಕೊಂಡರೆ ಅದು ಗಡಸು ನೀರಿನ ಕಲೆ. ನನ್ನದು ಅದೇ.

ಮೊದಲು ವಿನೆಗರ್ ಹಾಕಿ ನೋಡಿ. ಕಲೆ ಬರೀ ಸುಣ್ಣದ್ದಾದರೆ ಅದರಲ್ಲೇ ಕರಗುತ್ತದೆ, ದುಡ್ಡು ಉಳಿಯುತ್ತದೆ. ಟಿಶ್ಯೂ ಪೇಪರನ್ನು ವಿನೆಗರಿನಲ್ಲಿ ನೆನೆಸಿ ಗ್ಲಾಸಿಗೆ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ. ಪೇಂಟಿನ ಮೇಲೆ ಸೋರಿದರೆ ತಕ್ಷಣ ತೊಳೆದುಬಿಡಿ. ನನಗೆ ಇದರಿಂದ ಅರ್ಧ ಕಲೆ ಹೋಯಿತು. ಉಳಿದ ಅರ್ಧ ಗಾಜಿಗೇ ಕಚ್ಚಿಕೊಂಡಿತ್ತು. ಟಾಯ್ಲೆಟ್ ಕ್ಲೀನರ್ ಹಾಕಿ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ದಯವಿಟ್ಟು ಬೇಡ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ವೈಪರ್ ಬುಡದ ಕಬ್ಬಿಣ, ಪೇಂಟು ಎಲ್ಲಾ ಹಾಳಾಗುತ್ತವೆ.

ಸೀರಿಯಂ ಪುಡಿಗೆ ಕೆಲಸ ಬರುವುದು ಇಲ್ಲಿ. ಇದು ಮರಳು ಕಾಗದದ ಹಾಗೆ ಬರೀ ಕೆರೆಯುವುದಿಲ್ಲ. ನೀರಿನ ಜೊತೆ ಸೇರಿ ಗಾಜಿನ ಮೇಲ್ಮೈಯನ್ನು ರಾಸಾಯನಿಕವಾಗಿ ಮೆತ್ತಗೆ ಮಾಡಿ, ತೀರಾ ತೆಳ್ಳಗಿನ ಪದರವನ್ನು ತೆಗೆಯುತ್ತದೆ. ಕನ್ನಡಕದ ಗಾಜು, ಟೆಲಿಸ್ಕೋಪಿನ ಗಾಜು ಹೊಳಪು ಮಾಡುವುದೂ ಇದರಿಂದಲೇ. ನೀರಿಲ್ಲದೆ ಇದು ಕೆಲಸ ಮಾಡುವುದಿಲ್ಲ ಎಂಬ ಮುಖ್ಯ ಮಾತೇ ಡಬ್ಬದ ಮೇಲೆ ಇಲ್ಲ!

ನಾನು ಮಾಡಿದ್ದು ಹೀಗೆ. ಬಿಸಿಲು ಬೀಳುವ ಮೊದಲು ಕಾರನ್ನು ನೆರಳಿಗೆ ತಂದೆ. ಮೊದಲು ಚೆನ್ನಾಗಿ ತೊಳೆಯಬೇಕು. ಚಿಂತಾಮಣಿ ದಾರಿಯಲ್ಲಿ ಜಲ್ಲಿ ಲಾರಿಗಳ ಧೂಳು ಜಾಸ್ತಿ, ಆ ಕಲ್ಲುಪುಡಿ ಗಾಜಿಗಿಂತ ಗಟ್ಟಿ. ಒಂದು ಹರಳು ಪ್ಯಾಡಿನ ಕೆಳಗೆ ಸಿಕ್ಕಿದರೆ ಗೀರು ಖಂಡಿತ. ಆಮೇಲೆ ಬಾನೆಟ್ಟಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಗ್ಲಾಸಿನ ಅಂಚಿನ ರಬ್ಬರ್ ಬೀಡಿಂಗ್ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿದೆ. ಮೂಗಿಗೆ ಮಾಸ್ಕ್ ಹಾಕಿಕೊಂಡು ಪುಡಿಯನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿದೆ. ಡ್ರಿಲ್ಲಿಗೆ ಫೆಲ್ಟ್ (ಒತ್ತಿದ ಉಣ್ಣೆ) ಪ್ಯಾಡ್ ಹಾಕಿ, ಸ್ಪೀಡ್ ಕಡಿಮೆ ಇಟ್ಟು, ಒಂದೊಂದೇ ಚೌಕ ಮುಗಿಸಿದೆ. ಇನ್ನೊಂದು ಕೈಯಲ್ಲಿ ಸ್ಪ್ರೇ ಬಾಟಲಿ ಇರಲೇಬೇಕು. ಒಣಗಿದರೆ ಗ್ಲಾಸು ಬಿಸಿಯಾಗುತ್ತದೆ, ಒಂದೇ ಕಡೆ ಬಿಸಿಯಾದರೆ ಬಿರುಕು ಬಿಡಬಹುದು. ಆಗಾಗ ಅಂಗೈ ಇಟ್ಟು ನೋಡಿ. ಡ್ರೈವರ್ ಕಣ್ಣಿನ ನೇರದಲ್ಲಿ ಒಂದೇ ಜಾಗವನ್ನು ತುಂಬ ಹೊತ್ತು ತಿಕ್ಕಬೇಡಿ, ಅಲ್ಲಿ ಗಾಜು ತಗ್ಗಾಗಿ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಉಗುರು ಸಿಕ್ಕಿಕೊಳ್ಳುವಂಥ ವೈಪರ್ ಗೀರುಗಳ ತಂಟೆಗೆ ಹೋಗಲೇಬೇಡಿ. ನನ್ನ ಗ್ಲಾಸಿನಲ್ಲಿ ಅಂಥದ್ದೊಂದು ಕಮಾನು ಇದೆ, ಅದು ಹೋಗಿಲ್ಲ, ಹೋಗುವುದೂ ಇಲ್ಲ.

ಇನ್ನೊಂದು ದೂರು ಈ ಪುಡಿಯ ಉಳಿಕೆಯದು. ಟೇಪ್ ಹಚ್ಚಿದರೂ ಬೀಡಿಂಗ್ ಸಂದಿಗೆ, ವೈಪರ್ ಬುಡದ ಜಾಲರಿಗೆ ನುಗ್ಗಿಬಿಡುತ್ತದೆ. ಆ ವರ್ಷದ ಮಳೆಗಾಲದಲ್ಲಿ ಎಷ್ಟೋ ಸಲ ಬಿಳಿ ಗೆರೆಗಳು ಇಳಿದು ಬಂದವು. ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಕೂತರೂ ಪೂರ್ತಿ ಹೋಗಲು ತಿಂಗಳುಗಳೇ ಬೇಕಾದವು. ಪೇಸ್ಟ್ ರೂಪದಲ್ಲಿ ಸಿಕ್ಕರೆ ಅದನ್ನೇ ತೊಗೊಳ್ಳಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ.

ಇಷ್ಟೆಲ್ಲ ಬೈದುಕೊಂಡೇ ಮುಗಿಸಿದೆ. ಆಮೇಲೆ ಒಂದು ರಾತ್ರಿ ಹೊಸಕೋಟೆ ಹತ್ತಿರ ಜೋರು ಮಳೆ. ಎದುರಿಗೆ ಸಾಲಾಗಿ ಲಾರಿಗಳು. ಪ್ರತಿ ಹೆಡ್‌ಲೈಟೂ ತನ್ನ ಜಾಗದಲ್ಲೇ ಇತ್ತು, ಗ್ಲಾಸಿನ ತುಂಬ ಹರಡಲಿಲ್ಲ. ರಸ್ತೆಯ ಬಿಳಿ ಗೆರೆ, ಅದರ ಆಚೆ ಕೊಡೆ ಹಿಡಿದು ನಿಂತವರು, ಎಲ್ಲ ಕಂಡರು. ವೈಪರ್ ಕಿರ್ರ್ ಅನ್ನುವುದೂ ನಿಂತಿತ್ತು. ಬಿಗಿಹಿಡಿದು ಸ್ಟೀರಿಂಗ್ ಮೇಲೆ ಬಗ್ಗಿ ಕೂರುವ ನನ್ನ ಹಳೇ ಅಭ್ಯಾಸ ಆವತ್ತು ತಾನಾಗಿಯೇ ಬಿಟ್ಟುಹೋಯಿತು. ಡಬ್ಬದ ಮೇಲಿನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಇನ್ನು ನಿಜವಾದ ವಿಷಯ. ಕಲೆ ತೆಗೆಯುವುದಕ್ಕಿಂತ ಅದು ಎಲ್ಲಿಂದ ಬರುತ್ತಿದೆ ಎಂದು ನೋಡುವುದು ಮುಖ್ಯ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಮಾಡಿತು. ಸರಿಯಾದ ಆದೇಶವೇ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವ ಕೆಲಸಕ್ಕೆ ನೀರು ಶುದ್ಧ ಮಾಡುವ ಆರ್‌ಓ ಯಂತ್ರದ ವೇಸ್ಟ್ ನೀರು ಬಳಸಲು ಶುರು ಮಾಡಿದರು. ಲೆಕ್ಕ ಹಾಕಿ ನೋಡಿ. 1000 ಟಿಡಿಎಸ್‌ನ (ಅಂದರೆ ಲೀಟರಿಗೆ 1000 ಮಿಲಿಗ್ರಾಂ ಉಪ್ಪು ಕರಗಿರುವ) ಬೋರ್ ನೀರು ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಶುದ್ಧ ನೀರು ಬಂದರೆ, ಅದರ ಉಪ್ಪೆಲ್ಲ ಉಳಿದ ಎರಡು ಲೀಟರಿಗೆ ಸೇರುತ್ತದೆ. ಅದರ ಟಿಡಿಎಸ್ ಹತ್ತಿರ ಹತ್ತಿರ 1500 ಆಗುತ್ತದೆ. ಅದನ್ನು ಬಿಸಿಲಿಗೆ ಕಾದ ಗ್ಲಾಸಿನ ಮೇಲೆ ಹಾಕಿ ಒಣಗಲು ಬಿಟ್ಟರೆ ಸುಣ್ಣ ಬಳಿದಂತೆಯೇ. ನೆಲ ತೊಳೆಯಲು ಆ ನೀರು ಬಳಸಲಿ, ಗ್ಲಾಸಿಗೆ ಬೇಡ.

ಈಗ ನನ್ನ ಗ್ಲಾಸಿಗೆ ಎಸಿ ನೀರು. ಗಾಳಿಯ ತೇವ ತಣ್ಣಗಾಗಿ ತೊಟ್ಟಿಕ್ಕುವ ನೀರು, ಅದರಲ್ಲಿ ಉಪ್ಪಿನ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಬೇಸಿಗೆಯಲ್ಲಿ ಬಾಲ್ಕನಿಯ ಪೈಪಿನ ಕೆಳಗೆ ಕ್ಯಾನ್ ಇಡುತ್ತೇನೆ. ಮಳೆಗಾಲದಲ್ಲಿ ಟೆರೇಸಿನ ಮೇಲೆ ಬಕೆಟ್. ಕುಡಿಯಲು ಬರುವುದಿಲ್ಲ, ಗ್ಲಾಸಿಗೆ ಇದಕ್ಕಿಂತ ಒಳ್ಳೆಯ ನೀರಿಲ್ಲ. ಭಾನುವಾರ ಬೆಳಗ್ಗೆ ಕಾಫಿ ಕುಡಿದು ಕೆಳಗಿಳಿದು, ಮೊದಲು ಹೊಂಗೆ ಮರದ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೆಯುತ್ತೇನೆ. ಆಮೇಲೆ ಒಂದು ಚೊಂಬು ಎಸಿ ನೀರನ್ನು ಮೇಲಿನಿಂದ ನಿಧಾನವಾಗಿ ಬಿಡುತ್ತೇನೆ. ಗ್ಲಾಸು ಶುದ್ಧವಾಗಿದ್ದರೆ ನೀರು ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಾಗಿ ಇಳಿಯುತ್ತದೆ. ಅದನ್ನು ನೋಡುವ ಖುಷಿಗೇ ವಾರವಿಡೀ ಕಾಯುತ್ತೇನೆ. ವೈಪರ್ ಟ್ಯಾಂಕಿಗೂ ಇದೇ ನೀರು. ಎಷ್ಟೋ ಜನ ಅಲ್ಲಿಗೆ ಬೋರ್ ನೀರು ತುಂಬಿಸಿ, ಗುಂಡಿ ಒತ್ತಿದಾಗೆಲ್ಲ ತಾವೇ ಕಲೆ ಹಚ್ಚಿಕೊಳ್ಳುತ್ತಿದ್ದಾರೆ.

ಇಷ್ಟು ಪಾಲಿಸಿದ್ದಕ್ಕೆ ಪೂರ್ತಿ ಪಾಲಿಷ್ ಮತ್ತೆ ಬೇಕಾಗಿಲ್ಲ. ಡ್ರೈವರ್ ಎದುರಿಗೆ ಎಲ್ಲೋ ಒಂದು ಚುಕ್ಕೆ ಕಂಡರೆ ಕೈಯಲ್ಲೇ ಸ್ವಲ್ಪ ತಿಕ್ಕುತ್ತೇನೆ, ಅಷ್ಟೇ. ಎಫ್‌ಸಿಯೂ ಆಯಿತು, ಗಾಡಿಗೆ ಇನ್ನೂ ಐದು ವರ್ಷ ಸಿಕ್ಕಿದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಒಂದು ಸ್ಟಾರ್ ಡಬ್ಬದ ಮೇಲಿನ ಸುಳ್ಳಿಗೆ. ವಿನೆಗರಿಗೂ ಬಗ್ಗದ ಕಲೆ ಇದ್ದರೆ ಮಾತ್ರ ಕೊಳ್ಳಿ. ಡ್ರಿಲ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಒಂದು ದಿನಕ್ಕೆ ಕೇಳಿ ತನ್ನಿ, ಇಡೀ ಗ್ಲಾಸು ಕೈಯಲ್ಲಿ ತಿಕ್ಕಿ ಮುಗಿಯುವ ಕೆಲಸವಲ್ಲ.