ಉದ್ಯಮಬಾಗ್‌ನಲ್ಲಿ ಬೋರ್ ಮುಚ್ಚಿಸಿದ ಕೆಲಸ: ಗ್ರೌಟ್ ಚಲೋ, ಕೇಸಿಂಗ್ ಕಡೆ ಎಡವಟ್ಟು

ಬೆಳಗಾವಿ ಉದ್ಯಮಬಾಗ್‌ನ ಬಂದ್ ಆದ ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕುವ) ಶೆಡ್ ಒಂದರ ಹಳೇ ಬೋರ್ ಮುಚ್ಚಲು ಬಂದಿದ್ದ ಸ್ಥಳೀಯ ತಂಡದ ಕೆಲಸದ ವಿಮರ್ಶೆ ಇದು. ಬೋರ್ 6.5 ಇಂಚಿನದು, ಆಳ 260 ಅಡಿ, ನೀರಿನ ಮಟ್ಟ 60 ಅಡಿ. ನೀರಿಗೆ ಹಳದಿ ಛಾಯೆ, ಅಂದರೆ ಪ್ಲೇಟಿಂಗಿನ ವಿಷಕಾರಿ ಲೋಹ ಕ್ರೋಮಿಯಂ ಬೆರೆತ ಗುರುತು.

ಮಕ್ಕಳು ಬೀಳಬಾರದೆಂದು ಬೋರಿಗೆ ಮಣ್ಣು, ಕಲ್ಲು ತುಂಬುವುದು ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದೂ ಅದನ್ನೇ. 2024ರಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಮಗು ಬೋರಿಗೆ ಬಿದ್ದ ಘಟನೆ ಆದಮೇಲಂತೂ ಹೇಳಬೇಕಾಗಿಯೇ ಇಲ್ಲ. ಆದರೆ ಕೆಮಿಕಲ್ ಇಳಿದ ಜಾಗಕ್ಕೆ ಅದು ಸಾಲದು. ಇಲ್ಲಿನ ಕಪ್ಪುಕಲ್ಲಿನಲ್ಲಿ ನೀರು ಪದರ ಪದರವಾಗಿ ನಿಂತಿರುತ್ತದೆ. ಮೇಲಿನ ಕೆಟ್ಟ ನೀರು ಕೆಳಗಿನ ಒಳ್ಳೆಯ ಬಿರುಕಿಗೆ ಇಳಿಯಲು ತೆರೆದ ಬೋರೇ ದಾರಿ. ಗರಸು ತುಂಬಿದರೂ ಅದರ ಸಂದಿಯಲ್ಲಿ ನೀರು ಇಳಿಯುತ್ತಲೇ ಇರುತ್ತದೆ.

ತಂಡ ಮೋಟಾರ್, ಕೇಬಲ್, ಪೈಪು ಎಲ್ಲವನ್ನೂ ಎತ್ತಿ, ಕ್ಯಾಮೆರಾ ಇಳಿಸಿ, ತಳದವರೆಗೂ ಅಡ್ಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡಿತು. ಇದನ್ನು ಬಿಟ್ಟವರೇ ಹೆಚ್ಚು. ಸಿಕ್ಕಿಬಿದ್ದ ಮೋಟಾರಿನ ಕೆಳಗೆ ಗ್ರೌಟ್, ಅಂದರೆ ಬೋರ್ ತುಂಬುವ ಸಿಮೆಂಟ್-ನೀರಿನ ಮಿಶ್ರಣ, ಸರಿಯಾಗಿ ಇಳಿಯುವುದಿಲ್ಲ.

ಮಿಶ್ರಣವೂ ಅಚ್ಚುಕಟ್ಟು: 50 ಕೆಜಿ ಸಿಮೆಂಟ್ ಚೀಲಕ್ಕೆ 23 ಲೀಟರ್ ನೀರು. ಒಂದು ಲೀಟರ್ ಅಳತೆ ಡಬ್ಬಿಯಲ್ಲಿ ತೂಗಿದಾಗ 1.88 ಕೆಜಿ ಆಸುಪಾಸು ಬಂತು. 1.75ಕ್ಕೆ ಇಳಿದರೆ ನೀರು ಜಾಸ್ತಿಯಾಯಿತೆಂದೇ ಲೆಕ್ಕ. ಅಂಥ ಗ್ರೌಟ್ ಒಣಗುವಾಗ ಕುಗ್ಗಿ ಗೋಡೆಯಿಂದ ಬಿಡುತ್ತದೆ. ಮೇಲಿಂದ ಸುರಿಯಲಿಲ್ಲ, ಸುರಿದರೆ ಸಿಮೆಂಟ್ ನೀರಲ್ಲಿ ಕದಡಿ ಹೋಗುತ್ತದೆ. ಪೈಪನ್ನು ತಳಕ್ಕಿಳಿಸಿ ಪಂಪ್ ಮಾಡುತ್ತಾ, ಅದರ ತುದಿ ಸದಾ ಆರು ಅಡಿ ಗ್ರೌಟಿನೊಳಗೇ ಇರುವಂತೆ ನಿಧಾನವಾಗಿ ಎತ್ತಿದರು.

ಇನ್ನು ಚೀಲದ ಲೆಕ್ಕ. ಈ ಅಳತೆಯ ಬೋರಿಗೆ ಅಡಿಗೆ ಸುಮಾರು 6.5 ಲೀಟರ್, ಒಟ್ಟು 1,690 ಲೀಟರ್ ಬೇಕು. ಒಂದು ಚೀಲದಿಂದ ಸುಮಾರು 39 ಲೀಟರ್ ಗ್ರೌಟ್ ಬರುವುದರಿಂದ 44 ಚೀಲ ಸಾಕಾಗಬೇಕು. ಹೋದದ್ದು 57. ತೂತು ತೂತಿನ ಕಲ್ಲಿನ ಪದರ ಉಳಿದದ್ದನ್ನು ಕುಡಿಯಿತು. ತಂಡ ಅಲ್ಲಿ ಉಸುಕು ಬೆರೆಸಿದ ಗಟ್ಟಿ ಮಿಶ್ರಣ ಹಾಕಿ, ಒಂದು ರಾತ್ರಿ ಬಿಟ್ಟು, ತೂಕ ಕಟ್ಟಿದ ಟೇಪಿನಿಂದ ಮಟ್ಟ ನೋಡಿ ಮುಂದುವರಿದದ್ದು ಮೆಚ್ಚುವಂಥದ್ದು. ಅಡಿ ಲೆಕ್ಕದ ದರ ಬೇಡ, ಚೀಲದ ಲೆಕ್ಕದಲ್ಲೇ ಮಾತಾಡಿ. ಅಡಿ ದರ ಹಿಡಿದವರಿಗೆ ಕಡಿಮೆ ಸಿಮೆಂಟ್ ಹಾಕಿದಷ್ಟೂ ಲಾಭ. ಲೆಕ್ಕಕ್ಕಿಂತ ಕಡಿಮೆ ಚೀಲಕ್ಕೆ ಬೋರ್ ತುಂಬಿದ್ದರೆ ನಡುವೆ ಎಲ್ಲೋ ಟೊಳ್ಳು ಉಳಿದಿದೆ.

ಗ್ರೌಟ್ ಏರಿದಂತೆ ಮೇಲಿನ ಕೆಟ್ಟ ನೀರನ್ನು ಸಣ್ಣ ಮೋಟಾರಿನಿಂದ ಹೀರಿ ಟ್ಯಾಂಕಿಗೆ ಬಿಟ್ಟರು. ಯೋಚನೆ ಸರಿ, ಟ್ಯಾಂಕ್ ಚಿಕ್ಕದು. 200 ಅಡಿ ನೀರೆಂದರೆ 1,300 ಲೀಟರ್, ತಂದದ್ದು 1,000ದ ಒಂದೇ ಟ್ಯಾಂಕ್. ಅದು ತುಂಬಿ ಗ್ರೌಟಿನ ಪಂಪ್ ನಿಂತಾಗ ಪೈಪಿನೊಳಗೇ ಗ್ರೌಟ್ ಬಿಗಿಯತೊಡಗಿತು, ಪೈಪ್ ಬದಲಿಸಬೇಕಾಯಿತು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಇಂಥ ನೀರನ್ನು ಚರಂಡಿಗೆ ಬಿಡಲಾಗದು, ಎರಡು ಟ್ಯಾಂಕ್ ಮೊದಲೇ ಇರಬೇಕು.

ದೊಡ್ಡ ದೋಷ ಕೇಸಿಂಗಿನದು, ಅಂದರೆ ಮೇಲಿನ ಮಣ್ಣು ಕುಸಿಯದಂತೆ ಬೋರಿಗೆ ಇಳಿಸಿದ ಪೈಪಿನದು. ಮೇಲಿನ 40 ಅಡಿ ಪಿವಿಸಿ ಕೇಸಿಂಗನ್ನು ನೆಲದಿಂದ ಮೂರು ಅಡಿ ಕೆಳಗೆ ಕೊಯ್ದು, ಮೇಲೆ ಕಾಂಕ್ರೀಟ್ ಹಾಕಿ ಕೈತೊಳೆದುಕೊಂಡರು. ಕೇಸಿಂಗಿನ ಹೊರಗಿನ ಸಂದಿಯಲ್ಲಿ ಬೋರ್ ಕೊರೆದಾಗ ತುಂಬಿದ ಸಡಿಲ ಮಣ್ಣು ಹಾಗೇ ಇದೆ. ಶೆಡ್ಡಿನ ಪ್ಲೇಟಿಂಗ್ ಟಾಕಿಯಿಂದ ಸೋರಿದ ಆಮ್ಲದ ನೀರು ಇಳಿಯುವುದು ಮೊದಲು ಆ ಸಂದಿಯಲ್ಲೇ. ಗ್ರೌಟ್ ಹಸಿಯಿರುವಾಗಲೇ ಕೇಸಿಂಗ್ ಎಳೆಯಬೇಕಿತ್ತು. ಬಾರದಿದ್ದರೆ ಒಳಗಿಂದ ಸೀಳು ಮಾಡಿ ಒತ್ತಡದಲ್ಲಿ ಗ್ರೌಟ್ ಹೊಡೆಯಬೇಕಿತ್ತು. ಆಗಲೇ ಬಿಟ್ಟದ್ದಕ್ಕೆ ಈಗ ಪಕ್ಕದಲ್ಲಿ ಸಣ್ಣ ತೂತು ಕೊರೆದು ಹೊರಗಿಂದ ತುಂಬುವುದೇ ಉಳಿದ ದಾರಿ.

ಐದಕ್ಕೆ ಮೂರು ಅಂಕ. ಕರೆಸುವವರು ಕೇಸಿಂಗ್ ಎಳೆಯುವುದನ್ನು ಕರಾರಿನಲ್ಲೇ ಬರೆಸಿ, ಚೀಲದ ಪಟ್ಟಿ ಮತ್ತು ಬೋರಿನ ಜಾಗದ ನಕಾಶೆ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.